ಎತೆಲ್ಕ ಕಲಿಸುತ್ತಿದ್ದ ಐದು ಮಾತು

ಪ್ರಜ್ಞೆ ಬಂದ ಮೇಲೆ ವಿಲ್ಮೋಶ್ ಆಡಿದ ಮೊದಲ ಮಾತಿಗೆ ಇಡೀ ವಾರ್ಡು ನಕ್ಕಿತು.

"ದಯವಿಟ್ಟು ಜೋಕೆ, ಬಾಗಿಲು ಮುಚ್ಚುತ್ತಿವೆ" ಅಂದಿದ್ದ ಅವನು. ಬಾಯಿಯ ಬಲಗಡೆ ಜೋತುಬಿದ್ದಿತ್ತು, ಬಲಗೈ ಹೊದಿಕೆಯ ಮೇಲೆ ಯಾರೋ ಮರೆತುಹೋದ ವಸ್ತುವಿನಂತೆ ಬಿದ್ದಿತ್ತು. ಮಾತು ಮಾತ್ರ ಸ್ವಚ್ಛವಾಗಿ, ಹಿಂದೆ ಮೈಕಿನಲ್ಲಿ ಹೇಳುತ್ತಿದ್ದ ಅದೇ ಠೀವಿಯಲ್ಲಿ ಬಂತು. ಪಕ್ಕದ ಹಾಸಿಗೆಯ ಮುದುಕ ಕೆಮ್ಮುತ್ತ ಕೆಮ್ಮುತ್ತಲೇ ನಕ್ಕ. ನರ್ಸು ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವನ ಹೆಂಡತಿ ಎತೆಲ್ಕ. ಅವನಿಗೆ ನೀರು ಕುಡಿಸಲು ತಂದಿದ್ದ ಲೋಟ ಅವಳ ಕೈಯಲ್ಲಿ ತುಳುಕಿತು.

"ನೋಡಿದ್ರಾ? ಯಮನ ಬಾಗಿಲಿಗೆ ಹೋಗಿ ಬಂದ್ರೂ ಇವ್ನ ತಮಾಷೆ ನಿಲ್ಲಲ್ಲ" ಎಂದು ಕಣ್ಣೊರೆಸಿಕೊಂಡು, ಅವನ ಮುಖದ ಹತ್ತಿರ ಬಗ್ಗಿದಳು. "ವಿಲಿ, ನಾನ್ಯಾರು ಹೇಳು ನೋಡೋಣ?"

ವಿಲ್ಮೋಶ್ ಅವಳನ್ನೇ ನೋಡಿದ. ತುಟಿ ಅದುರಿತು. ಹಣೆಯ ಮೇಲೆ ಬೆವರು ಮೂಡಿತು.

"ಮುಂದಿನ ನಿಲ್ದಾಣ, ಬೋರಾರೋಶ್ ಚೌಕ" ಅಂದ.

ತಾನು ಹೇಳಬೇಕೆಂದುಕೊಂಡದ್ದು ಇದಲ್ಲ ಎನ್ನುವುದು ಅವನಿಗೆ ಗೊತ್ತಾಗಿತ್ತು. ಅವನ ಕಣ್ಣಲ್ಲಿ ಅದು ಎದ್ದು ಕಾಣುತ್ತಿತ್ತು. ಇನ್ನೊಮ್ಮೆ ಪ್ರಯತ್ನಿಸಿದ. ಮತ್ತೆ ಅದೇ ಬೋರಾರೋಶ್ ಚೌಕ ಬಂತು. ವಾರ್ಡಿನಲ್ಲಿ ಯಾರೂ ನಗಲಿಲ್ಲ. ಎತೆಲ್ಕ ಲೋಟವನ್ನು ಕೆಳಗಿಟ್ಟಳು.

ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಿತ್ತು, ಮಾತು ಹುಟ್ಟುವ ಜಾಗಕ್ಕೇ ಪೆಟ್ಟು ಬಿದ್ದಿತ್ತು ಎಂದು ಡಾಕ್ಟರು ಬಿಡಿಸಿ ಹೇಳಿದರು. "ಜೀವಮಾನವಿಡೀ ಹೇಳಿ ಹೇಳಿ ರೂಢಿಯಾದ ಮಾತು ಇರತ್ತಲ್ಲಮ್ಮ, ಅದು ಬೇರೆ ಕಡೆ ಉಳ್ಕೊಂಡಿರತ್ತೆ. ಕೆಲವ್ರಿಗೆ ಪ್ರಾರ್ಥನೆ ಉಳಿಯತ್ತೆ. ಕೆಲವ್ರಿಗೆ ಬರೀ ಬೈಗುಳ. ನಿಮ್ಮವ್ರಿಗೆ ಟ್ರಾಮು ಉಳಿದಿದೆ."

ಬುಡಾಪೆಸ್ಟಿನ ದೊಡ್ಡ ವರ್ತುಲ ರಸ್ತೆಯಲ್ಲಿ ಓಡುವ ಹಳದಿ ಟ್ರಾಮುಗಳಲ್ಲಿ ಆರನೇ ನಂಬರಿನದನ್ನು ವಿಲ್ಮೋಶ್ ಯೌವನದಿಂದ ನಿವೃತ್ತಿಯ ತನಕ ಓಡಿಸಿದ್ದ. ಎತೆಲ್ಕ ಅವನನ್ನು ಮೊದಲು ಕಂಡದ್ದೂ ಆ ಟ್ರಾಮಿನಲ್ಲೇ. ತೀಸಾ ನದಿಯಾಚೆಯ ಬಯಲುಸೀಮೆಯಿಂದ ಹೊಲಿಗೆ ಕಾರ್ಖಾನೆಯ ಕೆಲಸಕ್ಕೆಂದು ಬಂದ ಹುಡುಗಿ ಅವಳು. ರಟ್ಟಿನ ಪೆಟ್ಟಿಗೆ, ಅದರೊಳಗೆ ಅವ್ವ ಕಟ್ಟಿಕೊಟ್ಟ ಹಂದಿಕೊಬ್ಬು, ಈರುಳ್ಳಿ. ಬುಡಾಪೆಸ್ಟಿನಲ್ಲಿದ್ದ ಅವಳ ಸೋದರತ್ತೆ, "ಟ್ರಾಮು ಹತ್ತು, ವರ್ತುಲ ರಸ್ತೇಲಿ ಇಳಿ, ಅಷ್ಟೇ" ಎಂದು ಹೇಳಿ ಕಳಿಸಿದ್ದಳು. ಟ್ರಾಮು ಓಡುವುದೇ ವರ್ತುಲ ರಸ್ತೆಯಲ್ಲಿ ಎಂಬುದು ಹುಡುಗಿಗೆ ಹೇಗೆ ಗೊತ್ತಾಗಬೇಕು? ಒಂದೊಂದು ನಿಲ್ದಾಣದಲ್ಲೂ "ಇದು ವರ್ತುಲ ರಸ್ತೆಯಾ?" ಎಂದು ಕೇಳುತ್ತಿದ್ದಳು. "ಹೌದಮ್ಮ, ಇದೂ ವರ್ತುಲ ರಸ್ತೇನೇ" ಎಂದು ಜನ ಕಿಸಕ್ಕನೆ ನಗುತ್ತಿದ್ದರು. ಕಡೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದುಹೋದ ಮೇಲೆ ಪೆಟ್ಟಿಗೆಯನ್ನು ತಬ್ಬಿಕೊಂಡು ಅಳುತ್ತ ಕುಳಿತಿದ್ದವಳನ್ನು ಚಾಲಕ ಬಂದು ನೋಡಿದ.

"ಭಾಷೆ ಬರಲ್ವಾ?" ಎಂದು ಕೇಳಿದ್ದ.

"ನಂಗೆ ಬರೋ ಭಾಷೆ ಈ ಊರಿಗೆ ಬರಲ್ಲ" ಎಂದಿದ್ದಳು ಎತೆಲ್ಕ, ಸಿಟ್ಟಿನಿಂದ.

ವಿಳಾಸ ಕೇಳಿ ತಿಳಿದುಕೊಂಡು, ವಾಪಸು ಹೋಗುವಾಗ ಅವನು ಮೈಕಿನಲ್ಲಿ, ತುಂಬಿದ ಟ್ರಾಮಿನ ಎಲ್ಲರಿಗೂ ಕೇಳುವಂತೆ, "ಕೆಂಪು ರುಮಾಲಿನ ಹುಡುಗಿ ಇಲ್ಲಿ ಇಳಿಯಬೇಕು, ಅವರ ಅತ್ತೆಯ ಮನೆ ಇದೇ" ಎಂದು ಸಾರಿದ. ಅವಳಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಮುಂದಿನ ವರ್ಷ ಅವನನ್ನೇ ಮದುವೆಯಾದಳು. ಮಕ್ಕಳಾಗಲಿಲ್ಲ. ಅದರ ದುಃಖ ಒಂದಷ್ಟು ವರ್ಷ ಮನೆಯಲ್ಲಿ ಓಡಾಡಿಕೊಂಡಿದ್ದು ಕ್ರಮೇಣ ಮೂಲೆ ಹಿಡಿಯಿತು.

ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ ಎತೆಲ್ಕ ಪಶ್ಚಿಮ ರೈಲು ನಿಲ್ದಾಣದ ಮುಂದಿನ ಸುರಂಗದಾರಿಯಲ್ಲಿ ಪತ್ರಿಕೆ ಮಾರುವ ಗೂಡಂಗಡಿಗೆ ಸೇರಿದಳು. ಪತ್ರಿಕೆ ಕೊಳ್ಳುವವರಿಗಿಂತ ದಾರಿ ಕೇಳುವ ಪರದೇಶದವರೇ ಅಲ್ಲಿ ಹೆಚ್ಚು. ರೈಲಿನಿಂದ ಇಳಿದು, ಬೆನ್ನ ಮೇಲೆ ಮೂಟೆ ಹೊತ್ತು, ನಾಲ್ಕೂ ದಿಕ್ಕಿಗೆ ಬಾಯಿ ತೆರೆದ ಆ ಸುರಂಗದಲ್ಲಿ ಕುರಿಗಳಂತೆ ನಿಲ್ಲುತ್ತಿದ್ದರು. ಎತೆಲ್ಕಳಿಗೆ ತನ್ನ ರಟ್ಟಿನ ಪೆಟ್ಟಿಗೆ ನೆನಪಾಗುತ್ತಿತ್ತು. ಅವರ ಭಾಷೆ ಇವಳಿಗೆ ಬಾರದು, ಇವಳದು ಅವರಿಗೆ ಬಾರದು. ಆದ್ದರಿಂದ ಅವಳೇ ಒಂದು ಪಾಠ ಮಾಡಿಕೊಂಡಳು. ಈ ಊರಿನಲ್ಲಿ ಬದುಕಿ ವಾಪಸು ಹೋಗಲು ಐದು ಮಾತು ಸಾಕು ಎನ್ನುವುದು ಅವಳ ಲೆಕ್ಕಾಚಾರ.

ಕೈ ಎರಡನ್ನೂ ಅಗಲಿಸಿ ಭುಜ ಕುಣಿಸಿ, "ಹೋಲ್?" ಎನ್ನುವಳು. ಹೋಲ್ ಎಂದರೆ ಎಲ್ಲಿ. ಮೇಲೆ ಗಡಗಡ ಹೋಗುವುದನ್ನು ತೋರಿಸಿ "ವಿಲ್ಲಮೋಶ್", ಅಂದರೆ ಟ್ರಾಮು. ಮೆಟ್ಟಿಲಿನ ಕಡೆ ಬೆರಳು ಮಾಡಿ "ಕಿಯಾರತ್", ಹೊರಗೆ ಹೋಗುವ ದಾರಿ. ಅಂಗೈಯಿಂದ ಗಾಳಿಯನ್ನು ಕತ್ತರಿಸಿ "ವೇಗಾಲ್ಲೊಮಾಶ್", ಇದೇ ಕಡೆಯ ನಿಲ್ದಾಣ, ಇನ್ನು ಮುಂದೆ ಹೋಗಲ್ಲ, ಇಳೀಬೇಕು. ಐದನೆಯದು ಹೇಳಿಕೊಡುವಾಗ ಮುಖವನ್ನು ಅಳುವಂತೆ ಮಾಡುವಳು: "ಎಲ್ತೇವೆತ್ತೆಮ್." ನಾನು ದಾರಿ ತಪ್ಪಿದ್ದೇನೆ.

ಈ ಐದನೆಯದರಲ್ಲಿ ಎಲ್ಲರ ನಾಲಗೆಯೂ ಗಂಟು ಬೀಳುತ್ತಿತ್ತು. ತೆಂಗಿನ ಮರದಷ್ಟು ಉದ್ದದ ಒಬ್ಬ ಡಚ್ಚಿನವನು ಅದನ್ನು ಕಲಿಯುವ ತನಕ ಬಿಡುವುದಿಲ್ಲವೆಂದು ಹಟ ಹಿಡಿದು ನಿಂತು, ಹಿಂದೆ ಪತ್ರಿಕೆಗೆ ಕಾದಿದ್ದವರಿಂದ ಬೈಸಿಕೊಂಡಿದ್ದ.

ವಿಲ್ಮೋಶ್ ಕೆಣಕುತ್ತಿದ್ದ: "ಎತುಶ್, ಅದ್ನ ಕಲಿಯೋಷ್ಟ್ರಲ್ಲಿ ಅವ್ರು ಅವ್ರ ದೇಶಾನೇ ಸೇರ್ಕೊಂಡಿರ್ತಾರೆ ಬಿಡೇ."

"ನೀನು ನಿನ್ನ ಗಂಟೆ ಬಾರಿಸ್ಕೊಂಡು ಹೋಗು. ದಾರಿ ತಪ್ಪೋದು ಏನೂಂತ ನಿಂಗೇನ್ ಗೊತ್ತು? ಹಳಿ ಮೇಲೆ ಓಡೋನು ನೀನು."

ಕಮ್ಯುನಿಸ್ಟರ ಆಳ್ವಿಕೆ ಹೋದ ಕಾಲಕ್ಕೆ ಊರಿನ ಹೆಸರುಗಳೂ ಬದಲಾದವು. ಹಳೆಯ ಫಲಕಗಳ ಮೇಲೆ ಕೆಂಪು ಬಣ್ಣದ ಗೀಟು ಎಳೆದು ಕೆಳಗೆ ಹೊಸ ಹೆಸರು ತೂಗುಹಾಕಿದರು. ಮಾರ್ಕ್ಸ್ ಚೌಕ ಪಶ್ಚಿಮ ನಿಲ್ದಾಣದ ಚೌಕವಾಯಿತು. ನವೆಂಬರ್ ಏಳರ ಚೌಕ ಮೊದಲಿನಂತೆ ಎಂಟು ಮೂಲೆ ಚೌಕವಾಯಿತು. ಇಪ್ಪತ್ತು ವರ್ಷ ಒಂದು ಹೆಸರು ಕೂಗಿದ ಬಾಯಿಗೆ ಹೊಸದನ್ನು ರೂಢಿ ಮಾಡಿಸಲು ವಿಲ್ಮೋಶ್ ಕ್ಷೌರ ಮಾಡಿಕೊಳ್ಳುವಾಗಲೂ ಕನ್ನಡಿಯ ಮುಂದೆ ನಿಲ್ದಾಣಗಳನ್ನು ಒಪ್ಪಿಸುತ್ತಿದ್ದ. ಮೈಕಿನಲ್ಲಿ ತಪ್ಪಿ ಹಳೆಯದನ್ನು ಹೇಳಿದಾಗ, "ಕ್ಷಮಿಸಿ, ಅದು ತೀರಿಕೊಂಡಿದೆ" ಎಂದು ಸೇರಿಸುತ್ತಿದ್ದನಂತೆ. ಆಮೇಲೆ ಧ್ವನಿಮುದ್ರಣದ ಹೆಂಗಸು ಬಂದಳು, ಚಾಲಕನ ಬಾಯಿಗೆ ಕೆಲಸ ಇಲ್ಲದಾಯಿತು.

ಲಕ್ವ ಹೊಡೆದ ಮೇಲೆ ಅವನ ಬಾಯಿಂದ ಬರುತ್ತಿದ್ದುದು ಆ ಹಳೆಯ ಹೆಸರುಗಳೇ. ಹೊಸದು ಒಂದೂ ಉಳಿದಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಚಳಿಗಾಲ ಶುರುವಾಗಿತ್ತು. ಮೂರನೆಯ ಮಹಡಿ, ಒಳಂಗಳದ ಸುತ್ತ ಕಬ್ಬಿಣದ ಕಟಕಟೆಯ ಮೊಗಸಾಲೆ, ಅದಕ್ಕೆ ತೆರೆದುಕೊಂಡ ಅಡುಗೆಮನೆ. ಗೂಡಂಗಡಿಯನ್ನು ಎತೆಲ್ಕ ಬಿಟ್ಟುಬಿಟ್ಟಳು. ಅವನು ಕಾಲೆಳೆದುಕೊಂಡು ನಡೆಯಬಲ್ಲವನಾಗಿದ್ದ. ಎಡಗೈಯಲ್ಲಿ ಚಮಚ ಹಿಡಿಯುತ್ತಿದ್ದ. ಉಪ್ಪು ಬೇಕಾದರೆ "ಮಾರ್ಕ್ಸ್ ಚೌಕ", ಕಿಟಕಿ ಮುಚ್ಚಬೇಕಾದರೆ "ಮಾಸ್ಕೋ ಚೌಕ, ಎಲ್ಲರೂ ಇಳಿಯಿರಿ". ಒಂದೊಂದು ದಿನ ಒಂದೊಂದು ಹೆಸರಾದ್ದರಿಂದ ಅದನ್ನು ಹಿಡಿದು ಅರ್ಥ ಮಾಡಿಕೊಳ್ಳುವಂತೆಯೂ ಇರಲಿಲ್ಲ.

ಮಾತಿನ ಚಿಕಿತ್ಸೆಗೆ ಆಸ್ಪತ್ರೆಯಿಂದ ನೋಯೆಮಿ ಎನ್ನುವ ಹುಡುಗಿ ಬರುತ್ತಿದ್ದಳು. ಮೃದು ಸ್ವಭಾವದವಳು, ಬೂಟು ಬಿಚ್ಚಿಟ್ಟು ಒಳಗೆ ಬರುತ್ತಿದ್ದಳು. ಅಲ್ಲಿನ ರೂಢಿಯಂತೆ ಹಿರಿಯ ಹೆಂಗಸನ್ನು ನೇನಿ, ಗಂಡಸನ್ನು ಬಾಚಿ ಎನ್ನುತ್ತಿದ್ದಳು.

"ಎತೆಲ್ಕ ನೇನಿ, ವಿಲ್ಮೋಶ್ ಬಾಚಿಗೆ ಅರ್ಥ ಆಗತ್ತೆ. ಒಳಗೆಲ್ಲಾ ಇದೆ. ಹೊರಗೆ ಬರೋ ದಾರಿ ಮಾತ್ರ ಮುಚ್ಚಿದೆ" ಎಂದು ಅವಳು ಎಷ್ಟೋ ಸಲ ಹೇಳಿದಳು. ಎತೆಲ್ಕ ತಲೆಯಾಡಿಸುತ್ತಿದ್ದಳು. ನಂಬುತ್ತಿರಲಿಲ್ಲ. ಉಪ್ಪಿಗೆ ಮಾರ್ಕ್ಸ್ ಚೌಕ ಅನ್ನುವವನಿಗೆ ಏನು ಅರ್ಥವಾದೀತು? ಸಮಾಧಾನಕ್ಕೆ ಹೇಳುವ ಮಾತು ಅದು ಅಂದುಕೊಂಡಳು.

ನೋಯೆಮಿ ಬಾರದ ದಿನಗಳಲ್ಲಿ ಎತೆಲ್ಕ ತನಗೆ ಗೊತ್ತಿದ್ದ ಪಾಠವನ್ನೇ ಹಿಡಿದಳು. ಯಾವ ದೇಶದವರಿಗೆಲ್ಲ ಕಲಿಸಿದ್ದಾಳೆ, ಗಂಡನಿಗೆ ಕಲಿಸಲಾರಳೇ? ಮೇಜಿನ ಎದುರು ಕೂರಿಸಿ, ಕೈ ಅಗಲಿಸಿ, ಭುಜ ಕುಣಿಸಿ, "ಹೋಲ್? ಹೇಳು ವಿಲಿ. ಹೋಲ್."

"ಬೋ... ಬೋರಾ..."

"ಬೋರಾರೋಶ್ ಬೇಡ. ನನ್ನ ಬಾಯಿ ನೋಡು. ಹೋಲ್."

ವಾರಗಟ್ಟಲೆ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅವನು ಚಮಚ ಕಾಣದೆ ಮೇಜಿನ ಮೇಲೆಲ್ಲ ನೋಡಿ, ಅವಳ ಕಡೆ ತಿರುಗಿ, "ಹೋಲ್?" ಅಂದುಬಿಟ್ಟ.

ಎತೆಲ್ಕ ಮೊಗಸಾಲೆಗೆ ಓಡಿ ಪಕ್ಕದ ಮನೆಯ ಬಾಗಿಲು ಬಡಿದಳು. "ಪಿರಿ! ಏ ಪಿರಿ! ಮಾತಾಡ್ದ ಕಣೇ! ಚಮಚ ಎಲ್ಲಿ ಅಂತ ಕೇಳ್ದ!"

ಪಿರಿ ಕೂದಲು ಗುಂಗುರು ಮಾಡುವ ಸುರುಳಿಗಳನ್ನು ತಲೆಗೆ ಸಿಕ್ಕಿಸಿಕೊಂಡೇ ಬಂದಳು. ಗಂಡನನ್ನು ಕಳೆದುಕೊಂಡು ಬಹುಕಾಲವಾದ, ನಾಲಗೆಗೆ ಬೀಗವಿಲ್ಲದ ಹೆಂಗಸು. ಬಾಗಿಲಲ್ಲೇ ನಿಂತು ಹೇಳಿದಳು: "ನಲವತ್ತು ವರ್ಷದಿಂದ ಎದುರಿಗಿರೋ ಚಮಚಾನ ಎಲ್ಲಿ ಅಂತಾನೇ ಕೇಳ್ತಾ ಬಂದಿದಾನೆ. ಅದ್ರಲ್ಲೇನೇ ಹೊಸ್ದು? ಗಂಡಸರಿಗೆ ಆ ಒಂದ್ ಮಾತು ದೇವ್ರು ಬಂದ್ರೂ ಮರೆಸಕ್ಕಾಗಲ್ಲ." ಮೂವರೂ ನಕ್ಕರು. ವಿಲ್ಮೋಶನ ನಗು ಬಾಯಿಯ ಒಂದೇ ಪಕ್ಕಕ್ಕೆ ಬಂತು.

ಅಷ್ಟೇ ಆಯಿತು. ಎರಡನೆಯ ಮಾತು ಬರಲಿಲ್ಲ. "ವಿಲ್ಲಮೋಶ್" ಎಂದು ಹೇಳಲು ಹೋದರೆ ನಿಲ್ದಾಣಗಳ ಸಾಲೇ ದಬದಬ ಉರುಳುತ್ತಿತ್ತು. "ಕಿಯಾರತ್" ಎನ್ನುವಲ್ಲಿ ತುಟಿ ನಿಂತುಬಿಡುತ್ತಿತ್ತು. ಎತೆಲ್ಕ ಬಿಡಲಿಲ್ಲ. ಬೆಳಿಗ್ಗೆ ಬಾಗಿಲು ತೋರಿಸಿ ಹೇಳಿಸಿದಳು, ಊಟಕ್ಕೆ ಮುಂಚೆ ಹೇಳಿಸಿದಳು, ಹೇಳಿದರೆ ಮಾತ್ರ ಬಡಿಸುತ್ತೇನೆಂದು ಗಸಗಸೆ ಸಕ್ಕರೆ ಹಾಕಿದ ಶಾವಿಗೆಯ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. ಅವನು ಎಡಗೈಯಿಂದ ತನ್ನ ಬಾಯಿಗೆ ತಾನೇ ಹೊಡೆದುಕೊಂಡ, ಫಟೀರ್ ಫಟೀರ್ ಅಂತ. ಆಮೇಲೆ ತಟ್ಟೆಯನ್ನು ಕಿತ್ತುಕೊಂಡು ಗೋಡೆಗೆ ಬೀಸಿದ. ಗಸಗಸೆ ಸುಣ್ಣದ ಗೋಡೆಯ ಮೇಲೆ ಇರುವೆಗಳಂತೆ ಹತ್ತಿಕೊಂಡಿತು. "ಜೋಕೆ, ಬಾಗಿಲು ಮುಚ್ಚುತ್ತಿವೆ! ಬಾಗಿಲು ಮುಚ್ಚುತ್ತಿವೆ!" ಎಂದು ಕಿರುಚಿದ.

ಎತೆಲ್ಕ ಉಗ್ರಾಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಉಪ್ಪಿನಕಾಯಿ ಜಾಡಿಗಳ ನಡುವೆ ನಿಂತು ಬಾಯಿಗೆ ಟವೆಲು ತುರುಕಿಕೊಂಡು ಅತ್ತಳು.

ಸರಕಾರ ಗೊತ್ತುಮಾಡಿದಷ್ಟು ಚಿಕಿತ್ಸೆ ಮುಗಿಯಿತೆಂದು ನೋಯೆಮಿಯ ಬರವೂ ನಿಂತಿತು. ಮಂಜು ಕಪ್ಪು ಕೆಸರಾಗಿ ಒಳಂಗಳದಲ್ಲಿ ಬಿದ್ದಿರುತ್ತಿತ್ತು. ಮಾತಿಲ್ಲದ ಮನೆಯಲ್ಲಿ ಎತೆಲ್ಕಳ ಮಾತೂ ಕಡಿಮೆಯಾಯಿತು. ಅವಳು ಅವನ ಮುಂದೆ ತಟ್ಟೆ ಇಡುವಾಗ ಮುಖ ನೋಡುತ್ತಿರಲಿಲ್ಲ. ಅವನ ಬಗ್ಗೆ ಅವನೆದುರಿಗೇ, ಅವನಿಲ್ಲವೇನೋ ಎಂಬಂತೆ ಮಾತಾಡುವುದನ್ನು ರೂಢಿಸಿಕೊಂಡಳು. ಒಂದು ಸಂಜೆ ಪಿರಿ ಹುರುಳಿಕಾಯಿ ಸಾರು ತಂದುಕೊಟ್ಟು ಕೂತಿದ್ದಳು. ವಿಲ್ಮೋಶ್ ಇವರಿಗೆ ಬೆನ್ನು ಮಾಡಿ ಕಿಟಕಿಯಲ್ಲಿ ಕೂತು ಪಾರಿವಾಳ ನೋಡುತ್ತಿದ್ದ.

"ಅವತ್ತೇ ಹೋಗ್ಬಿಟ್ಟಿದ್ರೆ ಇಬ್ರಿಗೂ ಬಿಡುಗಡೆ ಆಗ್ತಿತ್ತು ಪಿರಿ" ಎಂದಳು ಎತೆಲ್ಕ. "ಇದು ಗಂಡ ಅಲ್ಲ. ಗೋಡೆಗೆ ಸಿಕ್ಕಿಸಿರೋ ಸ್ಪೀಕರು."

"ಥೂ, ಸುಮ್ನಿರೇ. ಕೇಳಿಸ್ಕೋತಾನೆ."

"ಕೇಳಿಸಿದ್ರೆ ಏನಾಯ್ತು? ಅರ್ಥ ಆಗ್ಬೇಕಲ್ಲ."

ಮರುದಿನ ಬೆಳಿಗ್ಗೆ ಎತೆಲ್ಕ ಬ್ರೆಡ್ಡಿಗೆಂದು ಮೂಲೆಯಂಗಡಿಗೆ ಹೋದಳು. ಸಾಲು ಉದ್ದವಿತ್ತು. ವಾಪಸು ಬಂದಾಗ ಮೊಗಸಾಲೆಯ ಬಾಗಿಲು ತೆರೆದಿತ್ತು. ಕೋಟು ಗೂಟದಲ್ಲಿತ್ತು. ಬೂಟುಗಳು ಬಾಗಿಲ ಬದಿಯಲ್ಲೇ ಇದ್ದವು. ಅವನ ಟೋಪಿ ಮಾತ್ರ ಇರಲಿಲ್ಲ.

ಕಕ್ಕಸು ನೋಡಿದಳು, ಉಗ್ರಾಣ ನೋಡಿದಳು, ಪಿರಿಯ ಮನೆ ನೋಡಿದಳು. ಕಟಕಟೆಗೆ ಬಾಗಿ ಕೆಳಗಿನ ಅಂಗಳವನ್ನು ನೋಡಿದಳು. ಅಂಗಳದಲ್ಲಿ ಕಸದ ಡಬ್ಬಗಳು, ಕೆಸರು, ಅಷ್ಟೇ. ದೇವರೇ, ಸದ್ಯ ಬಿದ್ದಿಲ್ಲ ಅಂದುಕೊಂಡಳು.

"ನಾನು ಮನೇಲಿರ್ತೀನಿ, ಬಂದ್ರೆ ಹಿಡಿದು ಕೂರಿಸ್ತೀನಿ. ನೀನು ಓಡು" ಎಂದಳು ಪಿರಿ.

ಬೀದಿಯಲ್ಲಿ ತಂಬಾಕಿನ ಅಂಗಡಿಯವನು ನೋಡಿರಲಿಲ್ಲ. ಲಾಂಗೋಶ್ ರೊಟ್ಟಿ ಕರಿಯುವವಳು ನೋಡಿದ್ದಳು: "ಚಪ್ಪಲೀಲಿ ಹೋಗ್ತಿದ್ರು, ಮನೆ ಒಳಗೆ ಹಾಕೋ ಚಪ್ಪಲಿ. ಎಲ್ಲಿಗೆ ಅಂತ ಕೇಳ್ದೆ. ಮಾಸ್ಕೋ ಅಂದ್ರು. ತಮಾಷೆ ಮಾಡ್ತಾರೆ ಅಂದ್ಕೊಂಡೆ."

ಎತೆಲ್ಕ ಟ್ರಾಮು ಹತ್ತಿದಳು. ಕಿಟಕಿಗೆ ಮುಖ ಒತ್ತಿ ಒಂದೊಂದು ನಿಲ್ದಾಣದ ಜನರನ್ನೂ ನೋಡಿದಳು. ಡಾನ್ಯೂಬ್ ದಾಟುವಾಗ ನೀರನ್ನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಳು. ಹಿಂದೆ ಮಾಸ್ಕೋ ಚೌಕ ಎನಿಸಿಕೊಂಡಿದ್ದ ಕಡೆಯ ನಿಲ್ದಾಣದಲ್ಲಿ ಇಳಿದು, ಚಾಲಕರು ಕಾಫಿ ಕುಡಿಯುವ ಕೋಣೆಯಲ್ಲಿ ವಿಚಾರಿಸಿದಳು. ಅಲ್ಲಿದ್ದವರೆಲ್ಲ ಹೊಸ ಮುಖಗಳು. ವಿಲ್ಮೋಶ್ ಎಂಬ ಹೆಸರನ್ನು ಅವರು ಕೇಳಿರಲಿಲ್ಲ. ಒಬ್ಬ ಮಾತ್ರ, "ಚಪ್ಪಲಿ ಹಾಕಿದ್ದ ಒಬ್ಬ ಕುಡುಕನ್ನ ಟಿಕೆಟ್ ತಪಾಸಣೆಯವ್ರು ಇಳಿಸಿದ್ರಂತೆ. ಎಲ್ಲಿ ಅಂತ ಗೊತ್ತಿಲ್ಲ" ಅಂದ.

"ಕುಡುಕ ಅಲ್ಲ ಅವ್ನು!" ಎಂದು ಎತೆಲ್ಕ ಕೂಗಿದ್ದಕ್ಕೆ ಅವರೆಲ್ಲ ಲೋಟ ಕೆಳಗಿಟ್ಟು ನೋಡಿದರು.

ಅಲ್ಲಿಂದ ಪೊಲೀಸ್ ಠಾಣೆಗೆ ಹೋದಳು. ಕಿಟಕಿಯ ಹಿಂದೆ ಕೂತಿದ್ದ ಯುವಕ ಕೆಟ್ಟವನಲ್ಲ, ತಾಳ್ಮೆಯಿಂದಲೇ ಕೇಳಿದ. "ಹೇಳಿ ನೇನಿ, ಏನಾಯ್ತು?"

ಎತೆಲ್ಕ ಬಾಯಿ ತೆರೆದಳು. ಗಂಡ, ಲಕ್ವ, ಚಪ್ಪಲಿ, ಟೋಪಿ ಎಲ್ಲವೂ ಗಂಟಲಿಗೆ ಒಟ್ಟಿಗೆ ನುಗ್ಗಿ ಸಿಕ್ಕಿಕೊಂಡವು. ಒಂದೂ ಹೊರಗೆ ಬರಲಿಲ್ಲ. ಯುವಕ ಕಾದ. ಹಿಂದೆ ನಿಂತವರು ಕಾಲು ಬದಲಿಸಿದರು.

"ಎಲ್ತೇವೆತ್ತೆಮ್" ಎಂದಳು.

"ದಾರಿ ತಪ್ಪಿದೀರಾ? ಎಲ್ಲಿಗೆ ಹೋಗ್ಬೇಕಿತ್ತು?"

ಅಲ್ಲ, ಅಲ್ಲ ಎಂದು ತಲೆಯಾಡಿಸಿದಳು. ಮತ್ತೆ ಬಾಯಿ ತೆರೆದಳು. ಮತ್ತೆ ಅದೇ ಮಾತು ಬಂತು. ಎಷ್ಟೋ ಮಂದಿಗೆ ಮುಖ ಅಳುವಂತೆ ಮಾಡಿ ಹೇಳಿಕೊಟ್ಟಿದ್ದ ಮಾತು. ವಿಲಿಗೆ ದಿನವೂ, ಪ್ರತಿ ಗಳಿಗೆಯೂ ಹೀಗೆಯೇ ಆಗುತ್ತಿದೆಯೇ ಎಂದು ಆಗ ಅವಳಿಗೆ ಹೊಳೆಯಿತು. ಯುವಕ ನೀರು ತಂದುಕೊಟ್ಟ. ನೀರು ಕುಡಿದ ಮೇಲೆ ಮಾತು ಒಂದೊಂದಾಗಿ ಬಂತು. ಎಲ್ಲವನ್ನೂ ಹೇಳಿದಳು. ಅವನು ವೈರ್‌ಲೆಸ್ಸಿನಲ್ಲಿ ಸುದ್ದಿ ಕೊಟ್ಟು, ಮನೆಗೆ ಹೋಗಿ ಕಾಯಿರಿ ಅಂದ. ಎತೆಲ್ಕ ಮನೆಗೆ ಹೋಗಲಿಲ್ಲ. ಮತ್ತೆ ಟ್ರಾಮು ಹತ್ತಿದಳು.

ಎಂಟು ಮೂಲೆ ಚೌಕದಲ್ಲಿ ಹೂ ಮಾರುವವಳ ಬಕೆಟ್ಟುಗಳ ಹಿಂದೆ ಒಂದು ಟೋಪಿ ಕಂಡಿತು. ಹೋಗುವಾಗ ಅದೇ ಜಾಗವನ್ನು ದಾಟಿಕೊಂಡು ಹೋಗಿದ್ದಳು, ಆಗ ಕಂಡಿರಲಿಲ್ಲ. ಬಾಗಿಲು ಮುಚ್ಚುವಷ್ಟರಲ್ಲಿ ಭುಜ ತೂರಿಸಿ ಇಳಿದಳು.

ವಿಲ್ಮೋಶ್ ಮಗುಚಿಟ್ಟ ಪೆಟ್ಟಿಗೆಯ ಮೇಲೆ ಕೂತಿದ್ದ. ಮೈಮೇಲೆ ಕುದುರೆಗೆ ಹೊದಿಸುವಂಥ ದಪ್ಪ ಕಂಬಳಿ. ಒದ್ದೆ ಚಪ್ಪಲಿಯೊಳಗೆ ಪಾದ ನೀಲಿಗಟ್ಟಿತ್ತು. ತುಟಿಯ ಬದಿಯಲ್ಲಿ ರಕ್ತ ಒಣಗಿತ್ತು. ಅವಳನ್ನು ನೋಡಿ ಅವನು ಮುಖ ಮುಚ್ಚಿಕೊಂಡ.

ಹೂವಿನವಳು ವಯಸ್ಸಾದ, ದಪ್ಪ ಮೈಯ ಹೆಂಗಸು. ತೆರ್ಕ ಎಂದು ಹೆಸರು. ಸೊಂಟದ ಮೇಲೆ ಕೈಯಿಟ್ಟು ಎತೆಲ್ಕಳಿಗೆ ಬೈಯಲು ಶುರುಮಾಡಿದಳು.

"ನಿಮ್ಮವ್ರಾ? ಹೀಗಾ ಬಿಡೋದು ಮನುಷ್ಯನ್ನ, ಈ ಚಳೀಲಿ? ತಪಾಸಣೆಯವ್ರು ಎಳೆದು ಇಳಿಸಿದ್ರು, ಕಾಲು ಜಾರಿ ಬಿದ್ರು. ಮನೆ ಎಲ್ಲಿ ಅಂದ್ರೆ ನವೆಂಬರ್ ಏಳರ ಚೌಕ ಅಂತಾರೆ. ಆ ಹುಡುಗ್ರಿಗೆ ಏನ್ ಗೊತ್ತು, ಹುಟ್ಟೇ ಇರಲಿಲ್ಲ. ಗೇಲಿ ಮಾಡ್ತಿದೀಯಾ ಮುದುಕ ಅಂತ ಬಿಟ್ಟು ಹೋದ್ರು. ಹೋಗಿ ಬರೋರ್ನೆಲ್ಲಾ ಹಿಡಿದು ಕೇಳ್ತಿದ್ರು, ಹೋಲ್, ಹೋಲ್, ನವೆಂಬರ್ ಏಳರ ಚೌಕ ಹೋಲ್. ಜನ ದೂರ ಸರಿದು ಹೋಗೋರು."

"ಆಮೇಲೆ?"

"ಆಮೇಲೇನು? ನಾನು ಇಲ್ಲಿ ಹೂ ಮಾರಕ್ಕೆ ಕೂತಾಗ ಇದರ ಹೆಸರು ಅದೇ ಅಲ್ವಾ. ಬಂದು ಕೈ ಹಿಡ್ಕೊಂಡು ಹೇಳ್ದೆ. ಇದೇ ಕಣಪ್ಪಾ ನವೆಂಬರ್ ಏಳು, ಬಂದ್ಬಿಟ್ಟಿದೀಯ ನೀನು, ಕೂತ್ಕೋ ಅಂದೆ. ಮಗು ಥರ ಅತ್ರು ತಾಯಿ. ಮಗು ಥರ." ತೆರ್ಕ ಮೂಗೊರೆಸಿಕೊಂಡಳು. ಬೈಗುಳ ಮುಗಿದಿತ್ತು. "ಟ್ಯಾಕ್ಸಿ ಹಿಡೀತೀನಿ ಇರಿ. ಕಂಬಳಿ ಇರ್ಲಿ, ನಾಳೆ ತಂದುಕೊಡಿ."

ಆ ನಾಳೆ ಅವರು ಆಸ್ಪತ್ರೆಯಲ್ಲಿದ್ದರು. ಶ್ವಾಸಕೋಶಕ್ಕೆ ಶೀತ ಇಳಿದು ಜ್ವರ ಏರಿತ್ತು. ಎರಡು ಬಾರಿ ಉಸಿರು ನಿಂತೇಹೋಯಿತು ಎನ್ನುವಂತಾಗಿ ಮತ್ತೆ ಬಂತು. ಸ್ವಲ್ಪ ಚೇತರಿಸಿಕೊಂಡಾಗ, ಅದೇ ಆಸ್ಪತ್ರೆಯಲ್ಲಿದ್ದ ನೋಯೆಮಿ ತನ್ನ ಬಿಡುವಿನ ವೇಳೆಯಲ್ಲಿ ಚಿತ್ರಗಳನ್ನು ತಂದು ಅವನ ಹೊದಿಕೆಯ ಮೇಲೆ ಹರಡಿದಳು.

"ವಿಲ್ಮೋಶ್ ಬಾಚಿ, ನಾಯಿ ಹುಡುಗನ್ನ ಅಟ್ಟಿಸ್ಕೊಂಡು ಹೋಗ್ತಿದೆ. ಯಾವ್ದು?" ಅವನ ಎಡಗೈ ಬೆರಳು ಸರಿಯಾದದ್ದರ ಮೇಲೆ ಹೋಯಿತು. "ಈಗ ಹುಡುಗ ನಾಯೀನ ಅಟ್ಟಿಸ್ಕೊಂಡು ಹೋಗ್ತಿದಾನೆ." ಬೆರಳು ಪಕ್ಕದ್ದಕ್ಕೆ ಸರಿಯಿತು. "ಹೆಂಗಸಿಗೆ ದುಃಖ ಆಗಿದೆ, ಆದ್ರೆ ತೋರಿಸ್ಕೊಳ್ತಿಲ್ಲ." ಅವನು ಸ್ವಲ್ಪ ಹೊತ್ತು ಚಿತ್ರಗಳನ್ನು ನೋಡಿ, ಕೈಯೆತ್ತಿ ಗೋಡೆಗೆ ಒರಗಿ ನಿಂತಿದ್ದ ಎತೆಲ್ಕಳ ಕಡೆ ಬೊಟ್ಟು ಮಾಡಿದ.

ನೋಯೆಮಿ ನಕ್ಕಳು. ಎತೆಲ್ಕ ನಗಲಿಲ್ಲ. ಅವಳ ಕಿವಿಯಲ್ಲಿ ಹುರುಳಿಕಾಯಿ ಸಾರಿನ ಆ ಸಂಜೆ ತನ್ನದೇ ದನಿ ಕೇಳುತ್ತಿತ್ತು.

ಹುಡುಗಿ ಹೋದ ಮೇಲೆ ಹಾಸಿಗೆಯ ಅಂಚಿನಲ್ಲಿ ಕೂತಳು. "ವಿಲಿ. ಅವತ್ತು ಪಿರಿ ಹತ್ರ ನಾನಂದಿದ್ದು... ಕೇಳಿಸ್ತಾ?"

ಅವನು ತಲೆಯಾಡಿಸಿದ. ಹೌದು.

"ಅದಕ್ಕೇ ಹೋದ್ಯಾ?"

ವಿಲ್ಮೋಶ್ ಬಾಯಿ ತೆರೆದ. ತುಟಿ ಎರಡು ಮೂರು ಸಲ ಆಕಾರ ಕಟ್ಟಿ ಬಿಟ್ಟಿತು. ಕತ್ತಿನ ನರ ಉಬ್ಬಿತು. "ಮಾಸ್ಕೋ ಚೌಕ" ಅಂದ. ಅಲ್ಲ ಎಂದು ಹೊದಿಕೆಗೆ ಗುದ್ದಿದ. "ಮುಂದಿನ ನಿಲ್ದಾಣ... ಮುಂದಿನ..." ಎಂದು ತಡವರಿಸಿ ಕೈಚೆಲ್ಲಿದ.

ಬಿಟ್ಟು ಹೋಗಲೆಂದು ಹೊರಟಿದ್ದನೋ, ಬಿಡುಗಡೆ ಕೊಡಲೆಂದೋ, ಸುಮ್ಮನೆ ಬೇಜಾರಾಗಿ ಹಳೆಯ ಹಳಿಯ ಮೇಲೊಂದು ಸುತ್ತು ಬರೋಣವೆಂದೋ, ಅವನು ಹೇಳಲಾರ. ಅವಳಿಗೆ ಎಂದಿಗೂ ಗೊತ್ತಾಗುವುದಿಲ್ಲ. "ನಂದು ತಪ್ಪಾಯ್ತು ಕಣೋ" ಅಂದಳು. ಅವನು ಕಣ್ಣು ಮುಚ್ಚಿಕೊಂಡ. ಅದು ಕ್ಷಮೆಯೋ ದಣಿವೋ, ಅದೂ ತಿಳಿಯಲಿಲ್ಲ. ಕೈಯನ್ನು ಮಾತ್ರ ಹಿಂದಕ್ಕೆಳೆದುಕೊಳ್ಳಲಿಲ್ಲ.

ವಸಂತದಲ್ಲಿ ಮನೆಗೆ ಬಂದವನು ಮತ್ತೆ ನಡೆಯಲಿಲ್ಲ. ಎತೆಲ್ಕ ಪಾಠ ನಿಲ್ಲಿಸಿದಳು. ತೆರ್ಕಳ ಕಂಬಳಿಯನ್ನು ತೊಳೆದು ಕೊಟ್ಟುಬಂದಳು. ಪಿರಿ ಮಧ್ಯಾಹ್ನ ಬಂದು ಅವನೊಂದಿಗೆ ಇಸ್ಪೀಟಾಡುತ್ತಿದ್ದಳು, ಮೋಸ ಮಾಡುತ್ತಿದ್ದಳು, "ಎಲ್ಲರೂ ಇಳಿಯಿರಿ!" ಎಂದು ಅವನಿಂದ ಕೂಗಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಇನ್ನೇನು ಮಾಡುವುದೆಂದು ತೋಚದೆ ಎತೆಲ್ಕ ಕತೆ ಹೇಳತೊಡಗಿದಳು. ಅವನಿಗೆ ಮಾತಿದ್ದ ಕಾಲದಲ್ಲಿ ಅವನದೇ ಮಾತು, ಅವನದೇ ತಮಾಷೆ. ತನ್ನ ಊರಿನದನ್ನು ಅವಳು ಹೇಳಿರಲೇ ಇಲ್ಲ, ಅವನು ಕೇಳಿರಲೂ ಇಲ್ಲ.

"ನಮ್ಮಜ್ಜಿ ಹತ್ರ ಒಂದು ಗಂಡು ಬಾತು ಇತ್ತು. ರಾಕ್ಷಸ. ಹೊಲಾನೆಲ್ಲಾ ಸರಕಾರಕ್ಕ್ ಬರ್ಕೊಡಿ ಅಂತ ಪಟ್ಟಣದಿಂದ ಒಬ್ಬ ಅಧಿಕಾರಿ ಬಂದ, ಚರ್ಮದ ಕೋಟು ಹಾಕ್ಕೊಂಡು. ಬಾತು ಅಟ್ಟಿಸ್ಕೊಂಡು ಹೋಯ್ತು. ಪಿಯರ್ ಮರ ಹತ್ತಿಬಿಟ್ಟ. ಅಜ್ಜಿ ಬಾಗಿಲಲ್ಲಿ ನಿಂತ್ಕೊಂಡು, ನೀವು ಮಾತಾಡಿ ಸ್ವಾಮಿ, ಅಲ್ಲಿಂದಾನೇ ಕೇಳಿಸತ್ತೆ ಅಂದ್ಲು. ಅವ್ನು ಮರದ ಮೇಲಿಂದಾನೇ ಭಾಷಣ ಮಾಡ್ದ. ಆ ಬಾತು..."

ವಿಲ್ಮೋಶ್ ಆಗಲೇ ನಗುತ್ತಿದ್ದ. ಬಾತು ಮರದ ಬುಡದಲ್ಲೇ ಮಲಗಿ ನಿದ್ದೆ ಹೋಯಿತು ಎನ್ನುವಲ್ಲಿಗೆ ಅವಳು ಇನ್ನೂ ಬಂದಿರಲೇ ಇಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕೆಮ್ಮಿ, ಎಡಗೈಯಿಂದ ಅವಳ ಮೊಣಕೈ ತಟ್ಟಿ ಮುಂದಕ್ಕೆ ಹೇಳು ಎಂದು ಸನ್ನೆ ಮಾಡಿದ. ಅಂದಿನಿಂದ ದಿನವೂ ಒಂದು ಕತೆ. ಪ್ರವಾಹದ ಕತೆ, ದೊಡ್ಡಪ್ಪನ ಎರಡು ಮದುವೆಯ ಕತೆ, ಗೋಪುರದಿಂದ ಬಿದ್ದ ಗಂಟೆಯ ಕತೆ.

ಬೀದಿಬದಿಯಲ್ಲಿ ಚೆಸ್ಟ್‌ನಟ್ ಬೀಜ ಹುರಿಯಲು ಶುರುಮಾಡಿದ ಶರತ್ಕಾಲದ ವಾರ, ಮಧ್ಯಾಹ್ನದ ಬಿಸಿಲು ಕಟಕಟೆ ದಾಟಿ ಹಾಸಿಗೆಯ ಮೇಲೆ ಬಿದ್ದಿದ್ದ ಹೊತ್ತಿನಲ್ಲಿ, ಎತೆಲ್ಕ ತನ್ನ ಅವ್ವ ಮೊದಲ ಬಾರಿ ರೈಲು ಕಂಡಾಗ ಅದಕ್ಕೆ ಕೈಮುಗಿದ ಪ್ರಸಂಗವನ್ನು ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ, ತನ್ನ ಅಂಗೈಯೊಳಗಿದ್ದ ಅವನ ಕೈ ಸಡಿಲವಾದದ್ದು ಅವಳಿಗೆ ತಿಳಿಯಿತು. ಅವಳು ತಿರುಗಿ ನೋಡಲಿಲ್ಲ. ರೈಲು ಹೇಗೆ ಸಿಳ್ಳೆ ಹಾಕಿತು, ಅವ್ವ ಹೇಗೆ ಮುಖ ಮುಚ್ಚಿಕೊಂಡು ಜೋಳದ ಹೊಲದೊಳಗೆ ಓಡಿದಳು, ಅಪ್ಪ ಹೇಗೆ ಹುಡುಕಿಕೊಂಡು ಹೋದ ಎಂದು ನಿಧಾನವಾಗಿ, ಒಂದನ್ನೂ ಬಿಡದೆ ಕೊನೆಯ ತನಕ ಹೇಳಿದಳು. ಆಮೇಲೆ ವಿಲ್ಮೋಶನ ಕಣ್ಣುರೆಪ್ಪೆ ಮುಚ್ಚಿ, ಎದ್ದು ಪಿರಿಯನ್ನು ಕೂಗಿದಳು.